ಶಿಫ್ಟ್ ನಿಮ್ಮದಾಗುವುದು ಯಾವ ಕ್ಷಣದಲ್ಲಿ? ಜಪಾನಿನ ದಿನಗೂಲಿ ಸಾಲಿನಿಂದ ಟೈಮೀ ಆ್ಯಪ್‌ವರೆಗೆ

ಇವತ್ತಿನ ಎಪಿಸೋಡ್ ಜಪಾನಿನ ಒಂದು ಆ್ಯಪ್ ಬಗ್ಗೆ. ಜೊತೆಗೆ, ಆ ಆ್ಯಪ್‌ಗಿಂತ ಎಷ್ಟೋ ಹಳೆಯದಾದ ಒಂದು ಪ್ರಶ್ನೆಯ ಬಗ್ಗೆ.

ಆ್ಯಪ್ ಹೆಸರು ಟೈಮೀ. ನಾಳೆ ಮಧ್ಯಾಹ್ನ 2ರಿಂದ 5ರವರೆಗೆ ನಿಮಗೆ ಪುರುಸೊತ್ತಿದೆ ಅಂದುಕೊಳ್ಳಿ. ಆ್ಯಪ್ ತೆರೆದರೆ ಹತ್ತಿರದ ಕೆಲಸಗಳ ಪಟ್ಟಿ ಬರುತ್ತೆ. ಹೋಟೆಲಿನಲ್ಲಿ ಪಾತ್ರೆ ತೊಳೆಯೋದು, ಗೋದಾಮಿನಲ್ಲಿ ಬಾಕ್ಸ್ ಜೋಡಿಸೋದು, ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ಇಡೋದು. ಗಂಟೆಗೆ ಎಷ್ಟು ಅನ್ನೋದೂ ಅಲ್ಲೇ ಇರುತ್ತೆ. ಒತ್ತಿದರೆ ಆಯಿತು. ಬಯೋಡೇಟಾ ಬೇಡ, ಇಂಟರ್‌ವ್ಯೂ ಇಲ್ಲ. ಹೋಗಿ ಅಲ್ಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಮೂರು ಗಂಟೆ ದುಡಿದು, ಮತ್ತೆ ಸ್ಕ್ಯಾನ್ ಮಾಡಿ ಹೊರಗೆ ಬಂದರೆ ಆ ದಿನದ ಸಂಬಳ ಆ ದಿನವೇ ಕೈಗೆ ಸಿಗುತ್ತೆ. ಜಪಾನೀಯರು ಇದನ್ನು ಸುಕಿಮಾ ಬೈಟೊ ಅಂತಾರೆ. ಸುಕಿಮಾ ಅಂದ್ರೆ ಸಂದು, ಬಿರುಕು, ನಡುವಿನ ಜಾಗ. ದಿನದ ಸಂದಿನಲ್ಲಿ ಸಿಕ್ಕಿಸಿಕೊಳ್ಳೋ ಕೆಲಸ.

ಈಗ ಪ್ರಶ್ನೆಗೆ ಬರೋಣ. ರಾತ್ರಿ ನೀವು ಶಿಫ್ಟ್ ಒತ್ತಿದಿರಿ. ಮಾರನೇ ದಿನ ರೈಲಿನಲ್ಲಿ ಅರ್ಧ ದಾರಿ ಹೋಗಿದ್ದೀರಿ. ಅಷ್ಟರಲ್ಲಿ ಮೆಸೇಜ್ ಬರುತ್ತೆ: ಇವತ್ತು ಗಿರಾಕಿ ಕಡಿಮೆ, ಬರೋದು ಬೇಡ. ಆ ಮೂರು ಗಂಟೆಯ ಸಂಬಳ ಯಾರ ಲೆಕ್ಕಕ್ಕೆ ಹೋಗಬೇಕು? ನಿಮ್ಮದಕ್ಕೋ, ಅಂಗಡಿಯವನದಕ್ಕೋ?

ಉತ್ತರ ಒಂದು ಸಣ್ಣ ವಿಷಯದ ಮೇಲೆ ನಿಂತಿದೆ. ಕೆಲಸ ನಿಮ್ಮದಾಗಿದ್ದು ಯಾವಾಗ? ಬಟನ್ ಒತ್ತಿದಾಗಲೋ, ಕೋಡ್ ಸ್ಕ್ಯಾನ್ ಮಾಡಿದಾಗಲೋ? ಇದಕ್ಕೆ ಒಂದು ನೇರ ಉತ್ತರ ಸಿಗೋಕೆ ಜಪಾನ್ 2025ರ ಜುಲೈವರೆಗೆ ಕಾಯಬೇಕಾಯಿತು. ಅಲ್ಲಿಗೆ ಹೇಗೆ ಬಂದರು ಅನ್ನೋದೇ ಇವತ್ತಿನ ಕಥೆ.

ಮುಂಜಾನೆಯ ಮಾರುಕಟ್ಟೆ

ಟೋಕಿಯೋದಲ್ಲಿ ಸಾನ್ಯಾ ಅಂತ ಒಂದು ಪ್ರದೇಶ. ಒಸಾಕಾದಲ್ಲಿ ಕಾಮಗಸಾಕಿ. ಯೊಕೊಹಾಮಾದಲ್ಲಿ ಕೊತೊಬುಕಿ. ಈ ಮೂರಕ್ಕೂ ಜಪಾನೀ ಭಾಷೆಯಲ್ಲಿ ಒಂದೇ ಪದ: ಯೊಸೆಬಾ, ಅಂದ್ರೆ ಜನ ಸೇರೋ ಜಾಗ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ದಿನಗೂಲಿ ಗಂಡಸರು ಬೆಳಗಿನ ಜಾವ ಇಲ್ಲಿ ಬಂದು ನಿಲ್ಲುತ್ತಿದ್ದರು. ವ್ಯಾನುಗಳು ಬರುತ್ತಿದ್ದವು. ವ್ಯಾನಿನಿಂದ ಇಳಿದವನು ಕಣ್ಣಳತೆಯಲ್ಲೇ ನೋಡಿ, ನೀನು ಬಾ, ನೀನು ಬಾ ಅಂತ ಕರೆಯುತ್ತಿದ್ದ. ವ್ಯಾನ್ ತುಂಬಿದ ಮೇಲೆ ಉಳಿದವರಿಗೆ ಆ ದಿನ ಕೆಲಸ ಇಲ್ಲ.

ಆ ಕರೆಯೋ ಮನುಷ್ಯನಿಗೆ ತೆಹಾಯ್ಶಿ ಅಂತ ಹೆಸರು. ನಮಗೆ ಅನುವಾದವೇ ಬೇಕಿಲ್ಲ, ಅವನು ಮೇಸ್ತ್ರಿ. ಕಟ್ಟಡ ಕಂಪನಿಗೆ ಎಷ್ಟು ಜನ ಬೇಕು ಅನ್ನೋದು ಅವನಿಗೆ ಗೊತ್ತು, ಎಷ್ಟು ಜನ ನಿಂತಿದ್ದಾರೆ ಅನ್ನೋದೂ ಗೊತ್ತು. ಈ ಎರಡೂ ಗೊತ್ತಿರೋದೇ ಅವನ ಬಂಡವಾಳ. ಕೂಲಿಯಲ್ಲಿ ಅವನು ಹಿಡಿದುಕೊಳ್ಳೋ ಪಾಲಿಗೂ ಜಪಾನೀ ಭಾಷೆಯಲ್ಲಿ ಒಂದು ಪದ ಇದೆ: ಪಿನ್‌ಹಾನೆ.

1964ರ ಟೋಕಿಯೋ ಒಲಿಂಪಿಕ್ಸ್, 1970ರ ಒಸಾಕಾ ವಿಶ್ವ ಮೇಳ. ಇವುಗಳ ಸುತ್ತ ಎದ್ದ ರಸ್ತೆ, ಸೇತುವೆ, ಕ್ರೀಡಾಂಗಣಗಳಲ್ಲಿ ಈ ಸಾಲುಗಳಲ್ಲಿ ನಿಂತವರ ದುಡಿಮೆ ಇದೆ. ಅವರು ರಾತ್ರಿ ಮಲಗುತ್ತಿದ್ದುದು ದೊಯಾ ಅನ್ನೋ ಅಗ್ಗದ ಕೋಣೆಗಳಲ್ಲಿ. ಯಾದೊ ಅಂದ್ರೆ ವಸತಿಗೃಹ. ಇದನ್ನು ವಸತಿಗೃಹ ಅಂತ ಕರೆಯೋಕೂ ಆಗಲ್ಲ ಅಂತ ಅಕ್ಷರ ತಿರುಗಿಸಿ ದೊಯಾ ಮಾಡಿದ್ದಾರೆ.

1961ರ ಆಗಸ್ಟ್ 1ರಂದು ಕಾಮಗಸಾಕಿಯಲ್ಲಿ ವಯಸ್ಸಾದ ಒಬ್ಬ ದಿನಗೂಲಿ ಕಾರ್ಮಿಕನಿಗೆ ಟ್ಯಾಕ್ಸಿ ಡಿಕ್ಕಿ ಹೊಡೆಯಿತು. ಪೊಲೀಸರು ಆತನನ್ನು ಕೂಡಲೇ ಆಸ್ಪತ್ರೆಗೆ ಸಾಗಿಸದೆ ರಸ್ತೆಯಲ್ಲೇ ಬಿಟ್ಟರು ಅನ್ನೋ ಸಿಟ್ಟು ಇಡೀ ಬೀದಿಗೆ ಹಬ್ಬಿತು. ಗಲಭೆ ದಿನಗಟ್ಟಲೆ ನಡೆಯಿತು. ಐದು ವರ್ಷದ ನಂತರ, 1966ರಲ್ಲಿ, ಅಧಿಕಾರಿಗಳು ಆ ಪ್ರದೇಶಕ್ಕೆ ಐರಿನ್ ಅಂತ ಹೊಸ ಹೆಸರಿಟ್ಟರು. ಅದೇ ವರ್ಷ ಟೋಕಿಯೋದ ವಿಳಾಸಗಳಿಂದ ಸಾನ್ಯಾ ಹೆಸರೂ ಮಾಯವಾಯಿತು. ಸಾಲುಗಳು ಮಾತ್ರ ಅಲ್ಲೇ ಉಳಿದವು.

ಮೇಸ್ತ್ರಿಗಳ ಹಿಂದೆ ಯಾಕುಜಾ ಗ್ಯಾಂಗುಗಳಿದ್ದವು. ಇದು ಸಿನಿಮಾ ಡೈಲಾಗ್ ಅಲ್ಲ. ಸಾನ್ಯಾದ ಕಾರ್ಮಿಕರ ಬಗ್ಗೆ ಯಾಮಾ ಅನ್ನೋ ಸಾಕ್ಷ್ಯಚಿತ್ರ ತೆಗೆಯುತ್ತಿದ್ದ ನಿರ್ದೇಶಕ ಸಾತೋ ಮಿತ್ಸುಒ ಅವರನ್ನು 1984ರ ಡಿಸೆಂಬರ್‌ನಲ್ಲಿ ಕೊಂದರು. ಕಾರ್ಮಿಕ ಹೋರಾಟಗಾರ ಯಾಮಾಒಕಾ ಕ್ಯೋಇಚಿ ಆ ಚಿತ್ರವನ್ನು ಮುಂದುವರಿಸಿ 1985ರಲ್ಲಿ ಮುಗಿಸಿದರು. 1986ರ ಜನವರಿಯಲ್ಲಿ ಅವರನ್ನೂ ಕೊಂದರು. ಕೂಲಿಯ ಮಧ್ಯದಲ್ಲಿ ಸಿಗೋ ಪಾಲು ಅಷ್ಟು ದೊಡ್ಡದಾಗಿತ್ತು.

ಖಾಲಿ ದಿನಕ್ಕೂ ಒಂದು ಬೆಲೆ

ಇಲ್ಲಿ ಒಂದು ವಿಷಯ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಮುಂದಿನ ಕಥೆಗೆಲ್ಲ ಇದೇ ಅಳತೆಗೋಲು.

1947ರಲ್ಲಿ ಜಪಾನ್ ಉದ್ಯೋಗ ಭದ್ರತಾ ಕಾಯ್ದೆ ತಂದಿತು. ಜನರನ್ನು ಒಟ್ಟುಮಾಡಿ ಬೇರೆಯವರಿಗೆ ಕೂಲಿಗೆ ಕಳಿಸೋ ವ್ಯಾಪಾರವನ್ನು ನಿಷೇಧಿಸಿತು. ಅಂದ್ರೆ ಕಾಗದದ ಮೇಲೆ ಮೇಸ್ತ್ರಿ ಆಗಲೇ ಅಕ್ರಮ. ಬೀದಿಯಲ್ಲಿ ಅವನೇ ರಾಜ, ಅದು ಬೇರೆ ಮಾತು.

ಆದರೆ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು. ದಿನಗೂಲಿಯವರಿಗೆ ಪ್ರತ್ಯೇಕ ನಿರುದ್ಯೋಗ ವಿಮೆ ತಂದಿತು. ಪ್ರತಿ ಕಾರ್ಮಿಕನಿಗೆ ಒಂದು ಪುಸ್ತಕ. ಬೀದಿಯಲ್ಲಿ ಅದಕ್ಕೆ ಬಿಳಿ ಪುಸ್ತಕ ಅಂತ ಹೆಸರು. ಒಂದು ದಿನ ದುಡಿದರೆ ಮಾಲೀಕ ಅದರಲ್ಲಿ ಒಂದು ಸ್ಟಾಂಪ್ ಅಂಟಿಸಬೇಕು. ಈಗಿನ ನಿಯಮದ ಪ್ರಕಾರ ಎರಡು ತಿಂಗಳಲ್ಲಿ 26 ಸ್ಟಾಂಪ್ ಆಗಿದ್ದರೆ, ನಂತರದ ತಿಂಗಳಲ್ಲಿ ಕೆಲಸ ಸಿಗದ ದಿನಗಳಿಗೆ ಹಣ ಸಿಗುತ್ತೆ. ಅತಿ ಹೆಚ್ಚಿನ ದರ ದಿನಕ್ಕೆ 7,500 ಯೆನ್.

ಸಾಲಿನಲ್ಲಿ ನಿಂತೂ ಕೆಲಸ ಸಿಗದೆ ಉಳಿಯೋದಕ್ಕೆ ಕಾರ್ಮಿಕರ ಭಾಷೆಯಲ್ಲಿ ಅಬುರೆ ಅಂತಾರೆ. ಅಂದ್ರೆ ಮಿಕ್ಕಿ ಹೋಗೋದು. ಈ ಹಣಕ್ಕೂ ಅದೇ ಹೆಸರು ಬಂತು: ಅಬುರೆ ಭತ್ಯೆ. ಮಿಕ್ಕವರ ದುಡ್ಡು.

ಇದು ದೊಡ್ಡ ಮೊತ್ತ ಅಲ್ಲ. ಎಷ್ಟೋ ಮಾಲೀಕರು ಸ್ಟಾಂಪ್ ಅಂಟಿಸುತ್ತಲೂ ಇರಲಿಲ್ಲ. ಆದರೂ ಇದರ ಹಿಂದಿನ ಯೋಚನೆ ನೋಡಿ. ಕಟ್ಟಡ ಉದ್ಯಮಕ್ಕೆ ಬೇಕಾದಾಗ ಕೈಗೆ ಸಿಗೋ ಜನ ಬೇಕು. ಹಾಗೆ ಸಿಗಬೇಕಾದರೆ ಅವರು ಬೇಡವಾದ ದಿನವೂ ಅಲ್ಲೇ ಹತ್ತಿರದಲ್ಲಿ ಬದುಕಿರಬೇಕು. ಹಾಗಿದ್ದ ಮೇಲೆ ಖಾಲಿ ದಿನದ ಖರ್ಚನ್ನೂ ಯಾರಾದರೂ ಕೊಡಬೇಕಲ್ಲ? ಅಂಗಡಿಯವನು ಗೋದಾಮಿನಲ್ಲಿ ಸರಕು ಇಟ್ಟುಕೊಂಡರೆ ಬಾಡಿಗೆ ಕಟ್ಟುತ್ತಾನೆ. ಕಾದು ನಿಂತ ಮನುಷ್ಯನಿಗೂ ಒಂದು ಬಾಡಿಗೆ ಇದೆ ಅಂತ ಆ ಬಿಳಿ ಪುಸ್ತಕ ಒಪ್ಪಿಕೊಂಡಿತ್ತು.

ಸಾಲು ಫೋನಿಗೆ ಬಂತು

1990ರ ದಶಕದಲ್ಲಿ ಜಪಾನಿನ ಆರ್ಥಿಕತೆಯ ಗುಳ್ಳೆ ಒಡೆಯಿತು. ಕಟ್ಟಡ ಕೆಲಸ ಕುಸಿಯಿತು. ಸಾನ್ಯಾ, ಕಾಮಗಸಾಕಿಯ ಗಂಡಸರಿಗೆ ವಯಸ್ಸಾಯಿತು. ದೊಯಾ ಕೋಣೆಗಳಲ್ಲಿ ಕೆಲವು ಬ್ಯಾಕ್‌ಪ್ಯಾಕ್ ಹಾಕಿಕೊಂಡು ಬರೋ ವಿದೇಶಿ ಪ್ರವಾಸಿಗರ ಹಾಸ್ಟೆಲ್ ಆದವು. 1970ರಿಂದ ದಿನಗೂಲಿಯವರು ಸೇರುತ್ತಿದ್ದ ಐರಿನ್‌ನ ದೊಡ್ಡ ಕಾರ್ಮಿಕ ಕೇಂದ್ರದ ಬಾಗಿಲು 2019ರಲ್ಲಿ ಮುಚ್ಚಿತು.

ಹಾಗಂತ ದಿನಗೂಲಿ ಮುಗಿಯಲಿಲ್ಲ. ಜಾಗ ಬದಲಾಯಿತು ಅಷ್ಟೇ.

1985ರಲ್ಲಿ ಜಪಾನ್ ಒಂದು ಹೊಸ ಕಾಯ್ದೆ ಮಾಡಿ, ಕೆಲವೇ ವೃತ್ತಿಗಳಿಗೆ ಏಜೆನ್ಸಿ ಮೂಲಕ ಜನರನ್ನು ಕಳಿಸೋದಕ್ಕೆ ಅನುಮತಿ ಕೊಟ್ಟಿತ್ತು. 1999ರಲ್ಲಿ ಅದನ್ನು ತಿರುವಿ ಹಾಕಿದರು. ಇಂಥವುಗಳಿಗೆ ಮಾತ್ರ ಅನ್ನೋ ಪಟ್ಟಿ ಹೋಗಿ, ಇಂಥವು ಬಿಟ್ಟು ಉಳಿದ ಎಲ್ಲದಕ್ಕೂ ಅನ್ನೋ ಪಟ್ಟಿ ಬಂತು. 2004ರಲ್ಲಿ ಕಾರ್ಖಾನೆಗಳೂ ಸೇರಿಕೊಂಡವು. ಗುಡ್‌ವಿಲ್, ಫುಲ್‌ಕ್ಯಾಸ್ಟ್ ಅನ್ನೋ ಕಂಪನಿಗಳು ದಿನದ ಲೆಕ್ಕದಲ್ಲಿ ಜನರನ್ನು ಕಳಿಸತೊಡಗಿದವು. ಯುವಕರಿಗೆ ಮೊಬೈಲಿಗೆ ಕರೆ ಅಥವಾ ಮೇಲ್ ಬರುತ್ತಿತ್ತು: ನಾಳೆ ಇಂಥ ಸ್ಟೇಷನ್, ಇಷ್ಟು ಗಂಟೆ. ಅವರಿಗೆ ಒನ್ ಕಾಲ್ ವರ್ಕರ್ ಅಂತಲೇ ಹೆಸರು ಬಿತ್ತು.

ಸಾನ್ಯಾದಲ್ಲಿ ಕನಿಷ್ಠ ಅಕ್ಕಪಕ್ಕ ಯಾರು ನಿಂತಿದ್ದಾರೆ ಅಂತ ಕಾಣುತ್ತಿತ್ತು. ಇವತ್ತು ಎಷ್ಟು ಕೊಟ್ಟ, ಎಷ್ಟು ಹಿಡಿದ ಅಂತ ಕೇಳಬಹುದಿತ್ತು. ಫೋನ್ ಸಾಲಿನಲ್ಲಿ ಅದಿಲ್ಲ. ಗುಡ್‌ವಿಲ್ ಪ್ರತಿ ಶಿಫ್ಟಿನ ಸಂಬಳದಲ್ಲಿ ಡೇಟಾ ಸಲಕರಣೆ ವೆಚ್ಚ ಅಂತ 200 ಯೆನ್ ಹಿಡಿದುಕೊಳ್ಳುತ್ತಿತ್ತು. ಅದು ಯಾವ ಡೇಟಾ, ಯಾವ ಸಲಕರಣೆ ಅಂತ ಕೇಳೋಕೆ ಒಂದು ಯೂನಿಯನ್ ಹುಟ್ಟಬೇಕಾಯಿತು. ಪಿನ್‌ಹಾನೆ ಅನ್ನೋ ಹಳೇ ಪದ ಪತ್ರಿಕೆಗಳಿಗೆ ವಾಪಸ್ ಬಂತು.

ಅದೇ ಹೊತ್ತಿಗೆ, 2007ರಲ್ಲಿ, ಮನೆ ಬಾಡಿಗೆ ಕಟ್ಟಲಾಗದೆ ಇಂಟರ್ನೆಟ್ ಕೆಫೆಗಳಲ್ಲೇ ರಾತ್ರಿ ಕಳೆಯುವವರು ಸುಮಾರು 5,400 ಜನ ಇದ್ದಾರೆ ಅಂತ ಕಾರ್ಮಿಕ ಸಚಿವಾಲಯವೇ ಅಂದಾಜು ಮಾಡಿತು. ದೊಯಾ ಹೋಗಿ ಕೆಫೆ ಬಂದಿತ್ತು. 2008ರ ಜನವರಿಯಲ್ಲಿ ಸರ್ಕಾರ ಗುಡ್‌ವಿಲ್‌ನ ವ್ಯವಹಾರವನ್ನು ಅಮಾನತು ಮಾಡಿತು. ಅದೇ ವರ್ಷ ಜುಲೈ ಕೊನೆಗೆ ಆ ವ್ಯವಹಾರವೇ ಮುಚ್ಚಿತು. ಆಮೇಲೆ ಜಾಗತಿಕ ಆರ್ಥಿಕ ಬಿಕ್ಕಟ್ಟು. ಡಿಸೆಂಬರ್ 31ರಂದು ಟೋಕಿಯೋದ ನಡುಮಧ್ಯೆ, ಹಿಬಿಯಾ ಪಾರ್ಕಿನಲ್ಲಿ, ಕೆಲಸ ಕಳೆದುಕೊಂಡವರಿಗಾಗಿ ಟೆಂಟ್ ಎದ್ದವು. ಸುಮಾರು 500 ಜನ ಅಲ್ಲಿ ಹೊಸ ವರ್ಷ ಕಂಡರು. ಸಚಿವಾಲಯಗಳ ಕಟ್ಟಡಗಳು ಅಲ್ಲಿಂದ ಕೂಗಳತೆ ದೂರ.

ಕೊನೆಗೆ 2012ರ ಅಕ್ಟೋಬರ್ 1ರಿಂದ, 30 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಗೆ ಏಜೆನ್ಸಿ ಮೂಲಕ ಜನರನ್ನು ಕಳಿಸೋದು, ಕೆಲವು ವಿನಾಯಿತಿ ಬಿಟ್ಟು, ನಿಷೇಧವಾಯಿತು. ಕಥೆ ಇಲ್ಲಿಗೆ ಮುಗಿಯಿತು ಅನ್ನಿಸುತ್ತೆ ಅಲ್ವಾ?

ಕಾನೂನಿನ ಸಂದಿನಲ್ಲಿ ಒಂದು ಸ್ಟಾರ್ಟಪ್

2018ರ ಆಗಸ್ಟ್‌ನಲ್ಲಿ ಟೈಮೀ ಶುರುವಾಯಿತು. ಸ್ಥಾಪಕ ಒಗಾವಾ ರ್‍ಯೋ. ಹುಟ್ಟಿದ್ದು 1997, ಆಗ ಇನ್ನೂ ಕಾಲೇಜು ವಿದ್ಯಾರ್ಥಿ.

ಇದರ ಬಿಸಿನೆಸ್ ಮಾಡೆಲ್ ನೋಡಿ, ಕಾಮರ್ಸ್ ಓದಿದವರಿಗೆ ಇಷ್ಟವಾಗುತ್ತೆ. ಗುಡ್‌ವಿಲ್ ಮಾಡಿದ್ದೇನು? ತಾನೇ ಮಾಲೀಕನಾಗಿ ಜನರನ್ನು ಇನ್ನೊಬ್ಬರ ಕಡೆ ಕಳಿಸೋದು. 2012ರ ನಿಷೇಧ ಇರೋದು ಅದಕ್ಕೆ. ಟೈಮೀ ಹಾಗೆ ಮಾಡಲ್ಲ, ಅದು ಬರೀ ಪರಿಚಯ ಮಾಡಿಸುತ್ತೆ. ಉದ್ಯೋಗ ಒಪ್ಪಂದ ಆಗೋದು ಹೋಟೆಲಿಗೂ ನಿಮಗೂ ನಡುವೆ, ನೇರವಾಗಿ, ಆ ಮೂರು ಗಂಟೆಗೆ. ಪರಿಚಯ ಮಾಡಿಸೋಕೆ ಬೇರೆ ಲೈಸೆನ್ಸ್ ಇದೆ, ಅದನ್ನು ತೆಗೆದುಕೊಂಡಿದೆ. ಪೂರ್ತಿ ಕಾನೂನುಬದ್ಧ.

ಲೆಕ್ಕ ಹಾಕೋಣ. ಗಂಟೆಗೆ 1,200 ಯೆನ್ ಅಂದುಕೊಳ್ಳಿ. ಮೂರು ಗಂಟೆಗೆ 3,600. ಅದು ನಿಮ್ಮದು. ಅದರ ಮೇಲೆ 30 ಪರ್ಸೆಂಟ್, ಅಂದ್ರೆ 1,080 ಯೆನ್, ಹೋಟೆಲ್ ಟೈಮೀಗೆ ಕೊಡಬೇಕು. ಮೇಸ್ತ್ರಿ ಕೂಲಿಯವನ ಕೈಯಿಂದ ಹಿಡಿಯುತ್ತಿದ್ದ, ಟೈಮೀ ಮಾಲೀಕನ ಕೈಯಿಂದ ಕೇಳುತ್ತೆ. ಎಷ್ಟು ಅಂತ ಮೊದಲೇ ಹೇಳುತ್ತೆ. ಹಿಂದೆ ಯಾಕುಜಾ ಇಲ್ಲ. ಇನ್ನೂ ಮುಖ್ಯವಾದದ್ದು, ಆ ಮೂರು ಗಂಟೆ ನೀವು ಕಾನೂನಿನ ಪ್ರಕಾರ ನೌಕರ. ಕನಿಷ್ಠ ವೇತನ ಅನ್ವಯ, ಕೆಲಸದಲ್ಲಿ ಗಾಯವಾದರೆ ವಿಮೆ ಅನ್ವಯ. ಸಾನ್ಯಾದಿಂದ ನೋಡಿದರೆ ಇದು ನಿಜವಾದ ಪ್ರಗತಿ. ಅದನ್ನು ಒಪ್ಪಿಕೊಳ್ಳಲೇಬೇಕು.

ಜಪಾನಿನಲ್ಲಿ ಕೆಲಸಗಾರರ ಕೊರತೆ ಇದೆ, ಹಾಗಾಗಿ ಆ್ಯಪ್ ಓಡಿತು. 2024ರ ಜುಲೈ 26ರಂದು ಟೈಮೀ ಟೋಕಿಯೋ ಷೇರುಪೇಟೆಯಲ್ಲಿ ಲಿಸ್ಟ್ ಆಯಿತು. ಆಗ ಅದರಲ್ಲಿ ನೋಂದಾಯಿಸಿಕೊಂಡಿದ್ದವರು 70 ಲಕ್ಷಕ್ಕೂ ಹೆಚ್ಚು.

ಮತ್ತೆ ಆ ರೈಲಿನ ಮೆಸೇಜ್

ಈಗ ಶುರುವಿನ ಪ್ರಶ್ನೆಗೆ ವಾಪಸ್. ನೀವು ದಾರಿಯಲ್ಲಿದ್ದೀರಿ, ಅಂಗಡಿ ಕ್ಯಾನ್ಸಲ್ ಮಾಡಿತು.

ಜಪಾನಿನ ಕಾರ್ಮಿಕ ಮಾನದಂಡ ಕಾಯ್ದೆಯ 26ನೇ ವಿಧಿ ಸ್ಪಷ್ಟವಾಗಿದೆ. ಮಾಲೀಕನ ಕಾರಣದಿಂದ ಕೆಲಸ ನಿಂತರೆ ಸರಾಸರಿ ವೇತನದ ಕನಿಷ್ಠ 60 ಪರ್ಸೆಂಟ್ ಕೊಡಬೇಕು. ಆದರೆ ಅದಕ್ಕೆ ಮೊದಲು ಅವನು ನಿಮ್ಮ ಮಾಲೀಕ ಆಗಿರಬೇಕಲ್ಲ? ಆ್ಯಪ್‌ಗಳ ವ್ಯಾಖ್ಯಾನ ಹೀಗಿತ್ತು: ಬಟನ್ ಒತ್ತಿದ್ದು ಬರೀ ಬುಕಿಂಗ್, ಒಪ್ಪಂದ ಹುಟ್ಟೋದು ನೀವು ಕೆಲಸದ ಜಾಗಕ್ಕೆ ಹೋಗಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ. ಹಾಗಾದರೆ ಸ್ಕ್ಯಾನ್‌ಗೆ ಒಂದು ನಿಮಿಷ ಮೊದಲು ಕ್ಯಾನ್ಸಲ್ ಮಾಡಿದರೂ ಅಂಗಡಿ ನಿಮ್ಮ ಮಾಲೀಕ ಅಲ್ಲ. ಕೊಡಬೇಕಾದ್ದು ಏನೂ ಇಲ್ಲ.

ಇತ್ತ ನೀವು ಕೊನೆ ಗಳಿಗೆಯಲ್ಲಿ ಬರಲ್ಲ ಅಂದರೆ? ಪೆನಾಲ್ಟಿ ಪಾಯಿಂಟ್. ಅಂದ್ರೆ ಬಟನ್ ಒತ್ತಿದ ಕ್ಷಣದಿಂದ ಕಟ್ಟುಬಿದ್ದವರು ನೀವೊಬ್ಬರೇ.

ಬಿ.ಕಾಂ. ಓದಿದವರಿಗೆ ಬಿಸಿನೆಸ್ ಲಾ ಪೇಪರ್ ನೆನಪಿರಬಹುದು. ನಮ್ಮ 1872ರ ಕಾಂಟ್ರ್ಯಾಕ್ಟ್ ಕಾಯ್ದೆಯಲ್ಲಿ ಮೊದಲ ಪಾಠವೇ ಆಫರ್, ಆಕ್ಸೆಪ್ಟೆನ್ಸ್. ಒಬ್ಬ ಪ್ರಸ್ತಾಪ ಇಟ್ಟ, ಇನ್ನೊಬ್ಬ ಒಪ್ಪಿದ, ಮಾತು ಅಲ್ಲಿಗೆ ಗಟ್ಟಿ. ಅದನ್ನು ಮೂರು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಬಿಟ್ಟಿದ್ದೆವು. ಲಕ್ಷಾಂತರ ಜನರ ದಿನದ ಊಟ ಆ ಮೂರು ಮಾರ್ಕಿನ ಮೇಲೆ ನಿಂತಿರುತ್ತೆ ಅಂತ ಯಾರೂ ಹೇಳಿಕೊಡಲಿಲ್ಲ.

2025ರ ಜುಲೈ 4ರಂದು ಜಪಾನಿನ ಆರೋಗ್ಯ, ಕಾರ್ಮಿಕ ಮತ್ತು ಕಲ್ಯಾಣ ಸಚಿವಾಲಯ ತನ್ನ ನಿಲುವು ಹೇಳಿತು. ಇಂಟರ್‌ವ್ಯೂ ಇಲ್ಲದೆ, ಮೊದಲು ಒತ್ತಿದವರಿಗೆ ಕೆಲಸ ಅನ್ನೋ ಪದ್ಧತಿಯಲ್ಲಿ, ಬೇರೆ ವಿಶೇಷ ಷರತ್ತು ಇಲ್ಲದಿದ್ದರೆ, ಅರ್ಜಿ ಪೂರ್ಣವಾದ ಕ್ಷಣವೇ ಉದ್ಯೋಗ ಒಪ್ಪಂದ ಆಯಿತು ಅಂತ ತಿಳಿಯಬೇಕು. ಆಮೇಲೆ ಅಂಗಡಿ ತನ್ನ ಕಾರಣಕ್ಕೆ ಬೇಡ ಅಂದರೆ ಭತ್ಯೆ ಕೊಡಬೇಕು. ಸೆಪ್ಟೆಂಬರ್ 1ರಿಂದ ಟೈಮೀ ತನ್ನ ನಿಯಮವನ್ನು ಅದಕ್ಕೆ ತಕ್ಕಂತೆ ಬದಲಿಸಿತು. ನಿಗದಿತ ಕಾರಣಗಳಿಗೆ 24 ಗಂಟೆ ಮೊದಲೇ ರದ್ದು ಮಾಡೋದಕ್ಕೆ ಅಂಗಡಿಗೆ ಅವಕಾಶ ಇದೆ. ಅದರೊಳಗೆ ಕ್ಯಾನ್ಸಲ್ ಮಾಡಿದರೆ ನಷ್ಟ ಅಂಗಡಿಯ ಲೆಕ್ಕಕ್ಕೆ.

ಹೊಸ ಕಾಯ್ದೆ ಬರಲಿಲ್ಲ, ಹೊಸ ತಂತ್ರಜ್ಞಾನವೂ ಬರಲಿಲ್ಲ ಅನ್ನೋದು ಗಮನಿಸಿ. ಒಂದು ಕ್ಷಣವನ್ನು ಬಾಗಿಲಿನಿಂದ ಬಟನ್‌ಗೆ ಸರಿಸಿದರು, ಅಷ್ಟೇ. ಅಷ್ಟಕ್ಕೇ ನಷ್ಟ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಯಿತು.

ಆದರೂ ಬಿಳಿ ಪುಸ್ತಕದ ಪೂರ್ತಿ ಯೋಚನೆ ಇನ್ನೂ ವಾಪಸ್ ಬಂದಿಲ್ಲ. ಈಗ ಬೆಲೆ ಸಿಕ್ಕಿರೋದು ಕೊಟ್ಟು ಕಿತ್ತುಕೊಂಡ ಶಿಫ್ಟಿಗೆ. ದಿನವಿಡೀ ಆ್ಯಪ್ ರಿಫ್ರೆಶ್ ಮಾಡಿಯೂ ಒಂದೂ ಶಿಫ್ಟ್ ಸಿಗದವನ ದಿನಕ್ಕಲ್ಲ.

ನಮ್ಮ ಕಡೆ ಏನು?

ಇದನ್ನು ಕೇಳ್ತಾ ಇರೋ ಕೆಲವರು ಈಗಲೇ ಬೆಂಗಳೂರಿನ ಯಾವುದೋ ಡಾರ್ಕ್ ಸ್ಟೋರ್ ಮುಂದೆ ಬೈಕ್ ಮೇಲೆ ಕೂತು ಆರ್ಡರ್‌ಗೆ ಕಾಯ್ತಾ ಇರಬಹುದು. ಅದಕ್ಕೇ ಎರಡು ಮಾತು.

ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಮಾಡಿತು. 2023ರಲ್ಲಿ ರಾಜಸ್ಥಾನ ಹಾಕಿದ ದಾರಿ ಅದು. ನಮ್ಮ ಕಾಯ್ದೆಯಲ್ಲಿ ಕಲ್ಯಾಣ ಮಂಡಳಿ ಇದೆ, ಪ್ರತಿ ಕಾರ್ಮಿಕನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಇದೆ. ಕೆಲಸದಿಂದ ತೆಗೆಯೋಕೆ ಮೊದಲು 14 ದಿನದ ನೋಟಿಸ್ ಕೊಡಬೇಕು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಂದಾಯವಾಗೋ ಮೊತ್ತದ 1ರಿಂದ 5 ಪರ್ಸೆಂಟ್‌ವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು. ಇವು ಸಣ್ಣ ವಿಷಯಗಳಲ್ಲ.

ಆದರೆ ಜಪಾನ್ ಕಥೆ ಕೇಳಿದ ಮೇಲೆ ಎರಡು ವ್ಯತ್ಯಾಸ ಕಣ್ಣಿಗೆ ಬೀಳುತ್ತೆ. ಒಂದು, ಅಲ್ಲಿ ಮೂರು ಗಂಟೆಯ ಕೆಲಸಗಾರನೂ ಆ ಮೂರು ಗಂಟೆ ನೌಕರ. ನಮ್ಮ 2020ರ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕನನ್ನು ಗುರುತಿಸೋದೇ ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವನು ಅಂತ. ಎರಡು, ನಮ್ಮ ಕಲ್ಯಾಣ ಶುಲ್ಕ ಹುಟ್ಟೋದು ವಹಿವಾಟಿನಿಂದ. ಆರ್ಡರ್ ಬಂದರೆ ಶುಲ್ಕ. ಎರಡು ಗಂಟೆ ಆನ್‌ಲೈನ್ ಇದ್ದು, ಮಳೆಯಲ್ಲಿ ನೆನೆದು, ಒಂದೂ ಆರ್ಡರ್ ಬರದಿದ್ದರೆ ಆ ಎರಡು ಗಂಟೆ ನಿಮ್ಮ ಸಂಬಳದಲ್ಲೂ ಇಲ್ಲ, ಮಂಡಳಿಯ ನಿಧಿಯಲ್ಲೂ ಇಲ್ಲ. ನಮ್ಮ ಲೆಕ್ಕದಲ್ಲಿ ಅಬುರೆಗೆ ಇನ್ನೂ ಕಾಲಮ್ಮೇ ಇಲ್ಲ.

ನಿಮ್ಮಲ್ಲಿ ಯಾರಾದರೂ ಶಿಫ್ಟ್ ಬುಕ್ ಮಾಡೋ ಆ್ಯಪ್‌ನಲ್ಲಿ ದುಡಿಯುತ್ತಿದ್ದರೆ ಇವತ್ತು ಒಂದು ಕೆಲಸ ಮಾಡಿ. ನಾವೆಲ್ಲ ಓದದೇ ಐ ಅಗ್ರೀ ಒತ್ತಿದ ಆ ನಿಯಮಗಳನ್ನು ತೆರೆಯಿರಿ. ಬುಕ್ ಆದ ಸ್ಲಾಟನ್ನು ಕಂಪನಿ ರದ್ದು ಮಾಡಿದರೆ ಏನು ಅಂತ ಹುಡುಕಿ. ನೀವು ರದ್ದು ಮಾಡಿದರೆ ಏನು ಅಂತಲೂ ಹುಡುಕಿ. ಎರಡೂ ಸಾಲನ್ನು ಪಕ್ಕಪಕ್ಕ ಇಟ್ಟು ಓದಿ. ಸ್ಕ್ರೀನ್‌ಶಾಟ್ ತೆಗೆದು ಜೊತೆಯಲ್ಲಿ ದುಡಿಯುವವರಿಗೂ ಕಳಿಸಿ. ಫೋನ್ ಸಾಲಿನಲ್ಲಿ ಪಕ್ಕದವರು ಕಾಣಲ್ಲ ಅಂದೆನಲ್ಲ, ಕಾಣೋ ಹಾಗೆ ಮಾಡಿಕೊಳ್ಳೋಕೆ ಇದೊಂದು ದಾರಿ.

ಇವತ್ತಿಗೆ ಇಷ್ಟು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.